ಅಪ್ರೈಸಲ್ ಮತ್ತು ಸಂಬಳ ಏರಿಕೆ: ಮ್ಯಾನೇಜರ್ ಕುಳಿತ ಕಡೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನದ ಮಾತುಕತೆಗೆ ಬಂದು ಕೂರುವವರಲ್ಲಿ ಹೆಚ್ಚಿನವರು ತಮ್ಮ ಸಂಬಳ ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ ಎಂದು ನಂಬಿರುತ್ತಾರೆ. ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕೈಯಲ್ಲೊಂದು ಪಟ್ಟಿ ಹಿಡಿದು ಬಂದಿರುತ್ತಾರೆ. ಆ ಪಟ್ಟಿಯಲ್ಲಿ ನಿಜಕ್ಕೂ ಒಳ್ಳೆಯ ಕೆಲಸಗಳಿರುತ್ತವೆ. ಆದರೆ ಅಷ್ಟು ಹೊತ್ತಿಗೆ ರೇಟಿಂಗ್ ಅಂತಿಮವಾಗಿ, ಹಣದ ಹಂಚಿಕೆ ಮುಗಿದು, ಮೇಲಿನವರ ಒಪ್ಪಿಗೆಯೂ ಬಿದ್ದಿರುತ್ತದೆ. ಇದೇ ಪಟ್ಟಿ ಎರಡು ತಿಂಗಳು ಮೊದಲು ಕೈಗೆ ಬಂದಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು ಎಂದು ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ನಾನು ಎಷ್ಟೋ ಸಲ ಮರುಗಿದ್ದೇನೆ.

ಸಂಬಳ ಏರಿಕೆ ತೀರ್ಮಾನವಾಗುವುದು ನೀವಿಲ್ಲದ ಕೋಣೆಯಲ್ಲಿ. ಅಲ್ಲಿ ನಿಮ್ಮ ಪರವಾಗಿ ಮಾತನಾಡುವವರು ನಿಮ್ಮ ಮ್ಯಾನೇಜರ್ ಒಬ್ಬರೇ. ಅವರಿಗೆ ನಿಮ್ಮ ಮೇಲೆ ಪ್ರೀತಿ, ವಿಶ್ವಾಸ ಎಷ್ಟೇ ಇರಲಿ, ಆ ಕೋಣೆಯಲ್ಲಿ ನಿಲ್ಲುವುದು ಅವರು ಹೇಳಬಲ್ಲ ನಾಲ್ಕು ಗಟ್ಟಿ ವಾಕ್ಯಗಳು ಮಾತ್ರ. ಆ ವಾಕ್ಯಗಳನ್ನು ವರ್ಷವಿಡೀ ಹೇಗೆ ಸಿದ್ಧಪಡಿಸಬೇಕು, ಯಾವಾಗ ಅವರ ಕೈಗೆ ಕೊಡಬೇಕು ಎಂಬುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕೆಲಸವೇ ಸರಿಯಿಲ್ಲದಿದ್ದರೆ ಇದರಲ್ಲಿ ಏನೂ ನೆರವಾಗದು. ಚೆನ್ನಾಗಿ ಕೆಲಸ ಮಾಡಿಯೂ ಬರಿಗೈಯಲ್ಲಿ ಉಳಿಯುವವರು ಬಹಳ ಮಂದಿ ಇದ್ದಾರೆ, ಇದು ಅವರಿಗಾಗಿ.

ಹಂತ 1: ಕ್ಯಾಲೆಂಡರ್ ತಿಳಿದುಕೊಳ್ಳಿ

ಸಂಸ್ಥೆಯಿಂದ ಸಂಸ್ಥೆಗೆ ವಿವರ ಬೇರೆಯಾದರೂ ವರ್ಷಕ್ಕೊಮ್ಮೆ ಅಪ್ರೈಸಲ್ ನಡೆಸುವ ಕಡೆಗಳಲ್ಲಿ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಹಣಕಾಸು ವಿಭಾಗ ಮುಂದಿನ ವರ್ಷದ ಸಂಬಳ ಏರಿಕೆಗೆ ಒಟ್ಟು ಇಷ್ಟು ಶೇಕಡಾ ಎಂದು ಮಿತಿ ಹಾಕುತ್ತದೆ. ಅದು ವಿಭಾಗಗಳಿಗೆ, ಅಲ್ಲಿಂದ ತಂಡಗಳಿಗೆ ಹಂಚಿಕೆಯಾಗುತ್ತದೆ. ನೌಕರರು ಸ್ವಮೌಲ್ಯಮಾಪನ ಬರೆಯುತ್ತಾರೆ. ಮ್ಯಾನೇಜರ್ ಕರಡು ರೇಟಿಂಗ್ ಹಾಕುತ್ತಾರೆ. ನಂತರ ಹಲವು ಮ್ಯಾನೇಜರ್‌ಗಳು ಒಟ್ಟಿಗೆ ಕುಳಿತು ಎಲ್ಲರ ರೇಟಿಂಗ್‌ಗಳನ್ನು ಒಂದೇ ಅಳತೆಗೆ ತರುತ್ತಾರೆ. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಆಮೇಲೆ ಎಚ್‌ಆರ್ (ಸಿಬ್ಬಂದಿ ವಿಭಾಗ) ಪರಿಶೀಲನೆ, ಮೇಲಿನವರ ಒಪ್ಪಿಗೆ, ಕೊನೆಗೆ ನಿಮ್ಮೊಂದಿಗಿನ ಮಾತುಕತೆ ಮತ್ತು ಪತ್ರ.

ಹಾಗಾಗಿ ಎಚ್‌ಆರ್ ವಿಭಾಗವನ್ನೋ ಮ್ಯಾನೇಜರ್ ಅವರನ್ನೋ ನೇರವಾಗಿ ಕೇಳಿ: ಬಜೆಟ್ ಯಾವಾಗ ನಿಗದಿಯಾಗುತ್ತದೆ, ಕರಡು ರೇಟಿಂಗ್ ಯಾವಾಗ ಹೋಗಬೇಕು, ಕ್ಯಾಲಿಬ್ರೇಶನ್ ಯಾವ ವಾರ? ಈ ಪ್ರಶ್ನೆಗೆ ಯಾರೂ ಬೇಸರಪಡುವುದಿಲ್ಲ. ಏರಿಕೆಯ ವಿಷಯ ಪ್ರಸ್ತಾಪಿಸಲು ಸರಿಯಾದ ಕಾಲವೆಂದರೆ ಕರಡು ರೇಟಿಂಗ್‌ಗೆ ಮೂರು ನಾಲ್ಕು ತಿಂಗಳು ಮುಂಚೆ. ಆಗ ಮ್ಯಾನೇಜರ್‌ಗೆ ಹಣ ಕೇಳಲು ಸಮಯವಿರುತ್ತದೆ, ನಿಮಗೆ ಕೊರತೆ ತುಂಬಿಕೊಳ್ಳಲು ಸಮಯವಿರುತ್ತದೆ.

ಹಂತ 2: ಹಣದ ಲೆಕ್ಕ ಅರ್ಥಮಾಡಿಕೊಳ್ಳಿ

ಈ ಲೆಕ್ಕವನ್ನು ನೌಕರರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಅರ್ಧದಷ್ಟು ಅಸಮಾಧಾನ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಒಂದು ತಂಡದಲ್ಲಿ ಎಂಟು ಜನ ಇದ್ದಾರೆ, ಎಲ್ಲರ ಸಂಬಳವೂ ಸಮ ಎಂದುಕೊಳ್ಳಿ. ತಂಡಕ್ಕೆ ಸಿಕ್ಕಿದ್ದು ಸರಾಸರಿ ಶೇ. 6. ಅಂದರೆ ಎಂಟು ಜನರಿಗೆ ತಲಾ 6ರಂತೆ ಮ್ಯಾನೇಜರ್ ಕೈಯಲ್ಲಿರುವುದು ಒಟ್ಟು 48 ಶೇಕಡಾ ಅಂಶಗಳು. ಒಬ್ಬರಿಗೆ ಶೇ. 12 ಕೊಟ್ಟರೆ ಉಳಿದ ಏಳು ಜನರಿಗೆ 36 ಅಂಶ ಉಳಿಯುತ್ತದೆ, ತಲಾ ಐದಕ್ಕಿಂತ ತುಸು ಹೆಚ್ಚು. ಇಬ್ಬರಿಗೆ ಶೇ. 12 ಕೊಟ್ಟರೆ ಉಳಿದ ಆರು ಜನರಿಗೆ ತಲಾ 4. ನಿಮಗೆ ಹೆಚ್ಚು ಕೊಡುವುದೆಂದರೆ ಪಕ್ಕದಲ್ಲಿ ಕುಳಿತವರಿಗೆ ಕಡಿಮೆ ಕೊಡುವುದು. ಇದನ್ನು ಮ್ಯಾನೇಜರ್ ತಮ್ಮ ಮನಸ್ಸಿಗೂ ಮೇಲಿನವರಿಗೂ ಸಮರ್ಥಿಸಿಕೊಳ್ಳಬೇಕು. ಪುರಾವೆ ಇಲ್ಲದಿದ್ದಾಗ ಎಲ್ಲರಿಗೂ ಸಮನಾಗಿ ಹಂಚಿಬಿಡುವುದೇ ಸುಲಭದ ದಾರಿ. ಅನೇಕ ಮ್ಯಾನೇಜರ್‌ಗಳು ಹಿಡಿಯುವುದೂ ಅದನ್ನೇ.

ಎರಡನೆಯ ಸಂಗತಿ ವೇತನ ಶ್ರೇಣಿ. ದೊಡ್ಡ ಸಂಸ್ಥೆಗಳಲ್ಲಿ ಪ್ರತಿ ಹುದ್ದೆಗೂ ಕನಿಷ್ಠ, ಮಧ್ಯ, ಗರಿಷ್ಠ ಎಂದು ಒಂದು ಶ್ರೇಣಿ ಇರುತ್ತದೆ. ಮಧ್ಯಬಿಂದುವನ್ನು 100 ಎಂದು ಹಿಡಿದರೆ, ಒಬ್ಬರು 85ರಲ್ಲಿ, ಇನ್ನೊಬ್ಬರು 115ರಲ್ಲಿ ಇರಬಹುದು. ಇಬ್ಬರಿಗೂ ಒಂದೇ ರೇಟಿಂಗ್ ಬಂದರೂ ಮೊದಲನೆಯವರಿಗೆ ಶೇ. 8, ಎರಡನೆಯವರಿಗೆ ಶೇ. 3 ಸಿಗುವುದು ಸಾಮಾನ್ಯ, ಏಕೆಂದರೆ ಕೆಳಗಿರುವವರನ್ನು ಮಧ್ಯಕ್ಕೆ ಎಳೆದು ತರುವುದು ಆ ಪದ್ಧತಿಯ ಉದ್ದೇಶ. ಹೀಗೆ ಕೊಟ್ಟ ಮೇಲೂ ಒಬ್ಬರು 92ರ ಹತ್ತಿರ, ಇನ್ನೊಬ್ಬರು 118ರ ಹತ್ತಿರ ನಿಲ್ಲುತ್ತಾರೆ. ಶೇಕಡಾವಾರು ಅಂಕಿಯನ್ನಷ್ಟೇ ಹೋಲಿಸಿಕೊಂಡು ಮನಸ್ಸು ಕೆಡಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಮ್ಯಾನೇಜರ್ ಅವರನ್ನು ಕೇಳಬೇಕಾದ ಪ್ರಶ್ನೆ: ‘ನನ್ನ ಶ್ರೇಣಿಯ ಮಧ್ಯಬಿಂದುವಿಗೆ ಹೋಲಿಸಿದರೆ ನಾನು ಎಲ್ಲಿದ್ದೇನೆ?’ ಮೇಲ್ತುದಿಯಲ್ಲಿದ್ದರೆ ವಾರ್ಷಿಕ ಏರಿಕೆಯಿಂದ ಹೆಚ್ಚು ನಿರೀಕ್ಷಿಸಿ ಫಲವಿಲ್ಲ. ಆಗ ನಿಮ್ಮ ಮುಂದಿರುವ ದಾರಿ ಬಡ್ತಿ.

ಹಣ ಬರುವ ಮೂಲಗಳೂ ಬೇರೆ ಬೇರೆ. ವಾರ್ಷಿಕ ಏರಿಕೆ ಒಂದು ಖಾತೆಯಿಂದ, ಬಡ್ತಿಯ ಏರಿಕೆ ಇನ್ನೊಂದರಿಂದ ಬರಬಹುದು. ಮಾರುಕಟ್ಟೆ ದರಕ್ಕಿಂತ ಬಹಳ ಹಿಂದುಳಿದವರಿಗೆ ಕೊಡುವ ಹೊಂದಾಣಿಕೆಗೆ ಕೆಲವು ಕಡೆ ಪ್ರತ್ಯೇಕ ಹಣವಿರುತ್ತದೆ. ಬೋನಸ್ ಒಂದು ಸಲ ಬಂದು ಹೋಗುತ್ತದೆ, ಮೂಲ ಸಂಬಳಕ್ಕೆ ಸೇರುವುದಿಲ್ಲ. ಮೂಲ ಸಂಬಳಕ್ಕೆ ಸೇರಿದ್ದು ಮಾತ್ರ ವರ್ಷ ವರ್ಷ ಬೆಳೆಯುತ್ತದೆ: 100 ಇದ್ದದ್ದು ವರ್ಷಕ್ಕೆ ಶೇ. 6ರಂತೆ ಐದು ವರ್ಷದಲ್ಲಿ ಸುಮಾರು 134 ಆದರೆ, ಶೇ. 8ರಂತೆ ಸುಮಾರು 147 ಆಗುತ್ತದೆ. ನೀವು ಕೇಳುತ್ತಿರುವುದು ಯಾವ ಖಾತೆಯ ಹಣ ಎಂದು ಗೊತ್ತಿದ್ದರೆ ಮ್ಯಾನೇಜರ್‌ಗೂ ಯಾರ ಬಾಗಿಲು ತಟ್ಟಬೇಕೆಂದು ತಿಳಿಯುತ್ತದೆ.

ಹಂತ 3: ವರ್ಷದ ಆರಂಭದಲ್ಲೇ ಗುರಿಗಳನ್ನು ಬರಹದಲ್ಲಿ ಹಾಕಿ

ಮ್ಯಾನೇಜರ್ ಮತ್ತು ನೌಕರ ಕುಳಿತು ಗುರಿಗಳನ್ನು ಒಪ್ಪಿಕೊಂಡು, ಆ ಗುರಿಗಳ ಮೇಲೆಯೇ ಫಲಿತಾಂಶ ಅಳೆಯಬೇಕು ಎಂಬ ವಿಚಾರವನ್ನು ನಿರ್ವಹಣಾ ಚಿಂತಕ ಪೀಟರ್ ಡ್ರಕ್ಕರ್ 1954ರಲ್ಲಿ ಜನಪ್ರಿಯಗೊಳಿಸಿದರು. 1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್ ಸಂಸ್ಥೆಯಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಆಂಡಿ ಗ್ರೋವ್ ಅದನ್ನು ಉದ್ದೇಶ ಮತ್ತು ಅಳೆಯಬಹುದಾದ ಫಲಿತಾಂಶಗಳು ಎಂಬ ರೂಪಕ್ಕೆ ತಂದರು. 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಅದನ್ನು ಗೂಗಲ್‌ಗೆ ಪರಿಚಯಿಸಿದರು. ಇಂದು ನಿಮ್ಮ ಸಂಸ್ಥೆಯ ತಂತ್ರಾಂಶದಲ್ಲಿ ತುಂಬುವ ಗುರಿಗಳ ಪುಟ ಬಹುಶಃ ಈ ಪರಂಪರೆಯದೇ.

ಆ ಪುಟವನ್ನು ತುಂಬಿ ಮರೆತುಬಿಡುವುದು ರೂಢಿ. ನೀವು ಮರೆಯಬೇಡಿ. ಪ್ರತಿ ಗುರಿಯ ಬಗ್ಗೆಯೂ ಮ್ಯಾನೇಜರ್ ಅವರನ್ನು ಕೇಳಿ: ‘ಇದನ್ನು ಎಷ್ಟು ಮಾಡಿದರೆ ನಿರೀಕ್ಷೆ ಮುಟ್ಟಿದಂತೆ? ಏನು ಮಾಡಿದರೆ ನಿರೀಕ್ಷೆ ಮೀರಿದಂತೆ?’ ಎರಡನೆಯ ಪ್ರಶ್ನೆಗೆ ಬಹುತೇಕ ಮ್ಯಾನೇಜರ್‌ಗಳ ಬಳಿ ಸಿದ್ಧ ಉತ್ತರವಿರುವುದಿಲ್ಲ. ಕೇಳಿದಾಗಲೇ ಅವರು ಯೋಚಿಸುತ್ತಾರೆ. ಕೊಟ್ಟ ಉತ್ತರವನ್ನು ಅದೇ ದಿನ ಎರಡು ಸಾಲಿನ ಇಮೇಲ್‌ನಲ್ಲಿ ಬರೆದು ಕಳುಹಿಸಿ. ವರ್ಷದ ಕೊನೆಯಲ್ಲಿ ನಿಮ್ಮ ವಾದಕ್ಕೆ ಅದಕ್ಕಿಂತ ಬಲವಾದ ಆಧಾರ ಇನ್ನೊಂದಿಲ್ಲ.

ವರ್ಷದ ನಡುವೆ ಪ್ರಾಜೆಕ್ಟ್ ನಿಂತುಹೋಗುತ್ತದೆ, ಆದ್ಯತೆ ಬದಲಾಗುತ್ತದೆ, ಮ್ಯಾನೇಜರ್ ಅವರೇ ಬದಲಾಗುತ್ತಾರೆ. ಪ್ರತಿ ಬದಲಾವಣೆಗೂ ಗುರಿಯನ್ನು ತಿದ್ದಿಸಿಕೊಳ್ಳಿ. ಮ್ಯಾನೇಜರ್ ವರ್ಗವಾಗಿ ಹೋಗುವಾಗ ಹಿಂದಿನ ತಿಂಗಳುಗಳ ಬಗ್ಗೆ ನಾಲ್ಕು ಸಾಲು ಬರೆಸಿಕೊಳ್ಳುವುದನ್ನು ತಪ್ಪಿಸಬೇಡಿ. ಹೊಸಬರಿಗೆ ನಿಮ್ಮ ಹಿಂದಿನ ಆರು ತಿಂಗಳು ಕಂಡೇ ಇರುವುದಿಲ್ಲ.

ಹಂತ 4: ವಾರಕ್ಕೊಮ್ಮೆ ಕೆಲಸದ ದಿನಚರಿ ಬರೆಯಿರಿ

ಮನುಷ್ಯರ ನೆನಪಿಗೆ ಇತ್ತೀಚಿನದು ಹತ್ತಿರ. ವರ್ಷಪೂರ್ತಿ ದುಡಿದು ಕೊನೆಯ ತಿಂಗಳಲ್ಲಿ ಎಡವಿದವರಿಗೆ ಅನ್ಯಾಯವಾಗುವುದು, ಕೊನೆಯ ತಿಂಗಳಲ್ಲಿ ಮಿಂಚಿದವರಿಗೆ ಲಾಭವಾಗುವುದು ಈ ಕಾರಣಕ್ಕೆ. ಹತ್ತು ಹದಿನೈದು ಜನರ ತಂಡವಿರುವ ಮ್ಯಾನೇಜರ್ ಹನ್ನೊಂದು ತಿಂಗಳ ಹಿಂದೆ ನೀವು ಮಾಡಿದ ಕೆಲಸವನ್ನು ನೆನಪಿಟ್ಟುಕೊಂಡಿರುತ್ತಾರೆ ಎಂದು ನಂಬಿ ಕೂರಬೇಡಿ. ನೀವೇ ಮರೆತಿರುತ್ತೀರಿ.

ವಾರದ ಕೊನೆಯ ದಿನ ಹತ್ತು ನಿಮಿಷ ಸಾಕು. ಏನು ತೊಂದರೆಯಿತ್ತು, ನೀವು ಏನು ಮಾಡಿದಿರಿ, ಅದರಿಂದ ಏನು ಬದಲಾಯಿತು, ಯಾರು ಕಂಡಿದ್ದಾರೆ — ಈ ನಾಲ್ಕಕ್ಕೆ ಉತ್ತರ ಬರೆದಿಡಿ. ಮೆಚ್ಚುಗೆಯ ಇಮೇಲ್ ಬಂದರೆ ಒಂದು ಪ್ರತ್ಯೇಕ ಕಡತದಲ್ಲಿ ಇಡಿ. ಕೆಲಸ ಶುರು ಮಾಡುವ ಮೊದಲು ಪರಿಸ್ಥಿತಿ ಹೇಗಿತ್ತೆಂಬ ಅಂಕಿಯನ್ನು ಬರೆದಿಡುವುದು ಎಲ್ಲಕ್ಕಿಂತ ಮುಖ್ಯ. ಕೆಲಸ ಮುಗಿದ ಮೇಲೆ ಹಳೆಯ ಅಂಕಿ ಹುಡುಕಲು ಹೋದರೆ ಸಿಗುವುದಿಲ್ಲ, ಸುಧಾರಣೆ ಎಷ್ಟಾಯಿತೆಂದು ತೋರಿಸಲೂ ಆಗುವುದಿಲ್ಲ.

ಕಣ್ಣಿಗೆ ಕಾಣದ ಕೆಲಸವನ್ನು ಬರೆಯುವುದರಲ್ಲಿ ವಿಶೇಷ ಎಚ್ಚರವಿರಲಿ. ಬೆಂಕಿ ಆರಿಸಿದವರನ್ನು ಎಲ್ಲರೂ ನೋಡುತ್ತಾರೆ, ಬೆಂಕಿ ಹತ್ತದಂತೆ ನೋಡಿಕೊಂಡವರನ್ನು ಯಾರೂ ನೋಡುವುದಿಲ್ಲ. ಹೊಸಬರಿಗೆ ಕೆಲಸ ಕಲಿಸಿದ್ದು, ತಂಡಗಳ ನಡುವಿನ ಮನಸ್ತಾಪ ತಿಳಿಗೊಳಿಸಿದ್ದು, ಯಾರೂ ಮುಟ್ಟದ ಹಳೆಯ ದಾಖಲೆಗಳನ್ನು ಸರಿಪಡಿಸಿದ್ದು — ಇವು ವರದಿಗಳಲ್ಲಿ ಬರುವುದಿಲ್ಲ. ನೀವು ಬರೆಯದಿದ್ದರೆ ಅವು ನಡೆದೇ ಇಲ್ಲ ಎಂಬಂತೆ ವರ್ಷ ಮುಗಿಯುತ್ತದೆ. ಇಂಥ ಕೆಲಸವೇ ನಿಮ್ಮ ಸಮಯದ ಬಹುಪಾಲನ್ನು ತಿನ್ನುತ್ತಿದ್ದರೆ ವರ್ಷದ ನಡುವೆಯೇ ಹೇಳಿ. ಅದು ನಿಮ್ಮ ಗುರಿಗಳ ಪಟ್ಟಿಗೆ ಸೇರಬೇಕು, ಇಲ್ಲವೇ ಬೇರೆಯವರ ಜೊತೆ ಹಂಚಿಕೆಯಾಗಬೇಕು.

ಹಂತ 5: ಮ್ಯಾನೇಜರ್ ಕಣ್ಣಿನ ದೋಷಗಳನ್ನು ಅರಿತಿರಿ

1920ರಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಬುದ್ಧಿ, ದೇಹದಾರ್ಢ್ಯ, ನಾಯಕತ್ವ, ಗುಣ ಎಲ್ಲಕ್ಕೂ ಬೇರೆ ಬೇರೆಯಾಗಿ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಹೆಚ್ಚು ಅಂಕ ಕೊಟ್ಟವರು ಉಳಿದೆಲ್ಲದರಲ್ಲೂ ಹೆಚ್ಚು ಕೊಟ್ಟಿದ್ದರು. ಒಂದು ಗುಣದ ಪ್ರಭೆ ಇಡೀ ಚಿತ್ರವನ್ನು ಆವರಿಸಿಬಿಟ್ಟಿತ್ತು. 2000ರಲ್ಲಿ ಪ್ರಕಟವಾದ, ಸಾವಿರಾರು ಮ್ಯಾನೇಜರ್‌ಗಳ ಮೌಲ್ಯಮಾಪನಗಳನ್ನು ಪರಿಶೀಲಿಸಿದ ಸ್ಕಲನ್, ಮೌಂಟ್ ಮತ್ತು ಗಾಫ್ ಎಂಬ ಸಂಶೋಧಕರ ಅಧ್ಯಯನದಲ್ಲಿ ಅಂಕಗಳ ನಡುವಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗ ಅಂಕ ಕೊಡುವವರ ವೈಯಕ್ತಿಕ ಧೋರಣೆಯಿಂದಲೇ ಬಂದಿತ್ತು. ಒಬ್ಬರು ಕೈಬಿಚ್ಚಿ ಕೊಡುತ್ತಾರೆ, ಇನ್ನೊಬ್ಬರು ಹಿಡಿದು ಕೊಡುತ್ತಾರೆ, ಮತ್ತೊಬ್ಬರು ಎಲ್ಲರನ್ನೂ ನಡುಮಧ್ಯೆ ನಿಲ್ಲಿಸುತ್ತಾರೆ.

ಇದನ್ನು ಹೇಳುವುದು ಮ್ಯಾನೇಜರ್‌ಗಳ ಮೇಲೆ ಸಂಶಯ ಹುಟ್ಟಿಸುವುದಕ್ಕಲ್ಲ. ಒಂದೇ ಜೋಡಿ ಕಣ್ಣಿಗೆ ನಿಮ್ಮ ಇಡೀ ವರ್ಷವನ್ನು ಒಪ್ಪಿಸಬೇಡಿ ಎನ್ನುವುದಕ್ಕೆ. ಬೇರೆ ತಂಡದೊಂದಿಗೆ ಮಾಡಿದ ಕೆಲಸ ಮುಗಿದಾಗ ಅಲ್ಲಿನ ಹಿರಿಯರಿಗೆ, ‘ಈ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯವನ್ನು ನನ್ನ ಮ್ಯಾನೇಜರ್‌ಗೆ ಎರಡು ಸಾಲು ಬರೆದು ತಿಳಿಸಬಹುದೇ?’ ಎಂದು ಕೇಳಿ. ಕೆಲಸ ಮುಗಿದ ವಾರವೇ ಕೇಳಿದರೆ ಸಂತೋಷದಿಂದ ಬರೆಯುತ್ತಾರೆ. ಆರು ತಿಂಗಳ ನಂತರ ಕೇಳಿದರೆ ಅವರಿಗೂ ನೆನಪಿರುವುದಿಲ್ಲ. ಬೇರೆ ಊರಿನಿಂದಲೋ ಮನೆಯಿಂದಲೋ ಕೆಲಸ ಮಾಡುವವರಿಗೆ ಇದು ಇನ್ನೂ ಅಗತ್ಯ.

ಹಂತ 6: ವರ್ಷದ ನಡುವೆ ಸರಿಯಾದ ಪ್ರಶ್ನೆ ಕೇಳಿ

‘ನಾನು ಹೇಗೆ ಮಾಡುತ್ತಿದ್ದೇನೆ ಸರ್?’ ಎಂದು ಕೇಳಿದರೆ ‘ಚೆನ್ನಾಗಿದೆ, ಹೀಗೇ ಮುಂದುವರಿಸಿ’ ಎಂಬ ಉತ್ತರ ಬರುತ್ತದೆ. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ, ಪ್ರಯೋಜನ ಇಬ್ಬರಿಗೂ ಇಲ್ಲ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಕುರಿತ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್ ಕೆಲಸವನ್ನು ಸುಧಾರಿಸಿತ್ತು, ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಕೆಲಸವನ್ನು ಕೆಡಿಸಿತ್ತು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ಹೊರಳಿದಷ್ಟೂ ಪರಿಣಾಮ ತಗ್ಗುತ್ತದೆ ಎಂಬುದು ಅವರ ವಿವರಣೆ.

ಆದ್ದರಿಂದ ನಿಮ್ಮ ಬಗ್ಗೆ ಕೇಳಬೇಡಿ, ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಕೇಳಿ. ‘ಕಳೆದ ವಾರದ ಗ್ರಾಹಕರ ಸಭೆಯಲ್ಲಿ ನಾನು ಮಂಡಿಸಿದ ವರದಿಯಲ್ಲಿ ಒಂದೇ ಒಂದನ್ನು ಬದಲಿಸಬೇಕೆಂದರೆ ಯಾವುದನ್ನು ಬದಲಿಸುತ್ತಿದ್ದಿರಿ?’ ಎಂದರೆ ಉತ್ತರ ಬಂದೇ ಬರುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ: ‘ಇವತ್ತೇ ರೇಟಿಂಗ್ ಹಾಕಬೇಕಾದರೆ ಎಷ್ಟು ಹಾಕುತ್ತೀರಿ? ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹಾಕದಂತೆ ತಡೆಯುತ್ತಿರುವುದು ಯಾವುದು?’ ಈ ಪ್ರಶ್ನೆ ಕೇಳಿಸಿಕೊಳ್ಳುವಾಗ ಮ್ಯಾನೇಜರ್ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಮೌನವನ್ನು ನೀವು ತುಂಬಬೇಡಿ. ನಂತರ ಬರುವ ಮಾತು ನಿಮಗೆ ಬೇಕಾದದ್ದು. ಕಹಿಯಾಗಿದ್ದರೂ ಸಮರ್ಥನೆಗೆ ಇಳಿಯದೆ ಬರೆದುಕೊಂಡು, ಧನ್ಯವಾದ ಹೇಳಿ ಬನ್ನಿ. ಒಂದು ತಿಂಗಳ ನಂತರ ಅದೇ ವಿಷಯದಲ್ಲಿ ಆದ ಪ್ರಗತಿಯನ್ನು ತೋರಿಸಿ. ಟೀಕೆಯನ್ನು ಹೀಗೆ ಸ್ವೀಕರಿಸಿ ತಿದ್ದಿಕೊಂಡವರನ್ನು ಯಾವ ಮ್ಯಾನೇಜರೂ ಮರೆಯುವುದಿಲ್ಲ.

ಹಂತ 7: ಸ್ವಮೌಲ್ಯಮಾಪನವನ್ನು ಮ್ಯಾನೇಜರ್ ಓದಿ ಹೇಳುವಂತೆ ಬರೆಯಿರಿ

ಇಡೀ ಪ್ರಕ್ರಿಯೆಯಲ್ಲಿ ನೂರಕ್ಕೆ ನೂರು ನಿಮ್ಮ ಕೈಯಲ್ಲಿರುವುದು ಇದೊಂದೇ. ಆದರೂ ಕೊನೆಯ ದಿನದ ರಾತ್ರಿ ಹತ್ತು ಗಂಟೆಗೆ ತುಂಬಿ ಕಳುಹಿಸುವವರೇ ಹೆಚ್ಚು. ನನ್ನ ಮುಂದೆ ಬರುವ ಬರಹಗಳಲ್ಲಿ ಹೆಚ್ಚಿನವು ಹೀಗಿರುತ್ತವೆ:

‘ಗ್ರಾಹಕರ ದೂರುಗಳನ್ನು ಯಶಸ್ವಿಯಾಗಿ ನಿರ್ವಹಿಸಿದ್ದೇನೆ. ತಂಡದೊಂದಿಗೆ ಹೊಂದಾಣಿಕೆಯಿಂದ ಕೆಲಸ ಮಾಡಿದ್ದೇನೆ. ಹೆಚ್ಚಿನ ಜವಾಬ್ದಾರಿ ಹೊರಲು ಸಿದ್ಧನಿದ್ದೇನೆ.’

ಇದರಲ್ಲಿ ಸುಳ್ಳಿಲ್ಲ. ಆದರೆ ಈ ಮೂರು ವಾಕ್ಯಗಳನ್ನು ಯಾರ ಹೆಸರಿನ ಕೆಳಗೆ ಇಟ್ಟರೂ ಹೊಂದುತ್ತವೆ, ಆದ್ದರಿಂದ ಯಾರಿಗೂ ಉಪಯೋಗವಾಗುವುದಿಲ್ಲ. ಅದೇ ಕೆಲಸವನ್ನು ಹೀಗೆ ಬರೆಯಬಹುದು:

‘ಬಿಲ್ ತಪ್ಪಾಗಿ ಬಂದಿದೆ ಎಂಬ ದೂರುಗಳು ವರ್ಷದ ಆರಂಭದಲ್ಲಿ ವಾರಕ್ಕೆ ಸುಮಾರು 40 ಇದ್ದವು. ಮೂರು ವಾರಗಳ ದೂರುಗಳನ್ನು ವಿಂಗಡಿಸಿ ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಳಾಸ ಬದಲಾವಣೆಯ ಅರ್ಜಿಯೇ ಕಾರಣವೆಂದು ಗೊತ್ತಾಯಿತು. ಬಿಲ್ಲಿಂಗ್ ತಂಡದೊಂದಿಗೆ ಸೇರಿ ಆ ಅರ್ಜಿಯನ್ನು ಬದಲಿಸಿದೆವು. ಸಮಸ್ಯೆ ಗುರುತಿಸಿದ್ದು ಮತ್ತು ಹೊಸ ಅರ್ಜಿಯ ಕರಡು ನನ್ನದು, ತಂತ್ರಾಂಶದ ಕೆಲಸ ಅವರದು. ಈಗ ಇಂಥ ದೂರುಗಳು ವಾರಕ್ಕೆ 10ರ ಒಳಗಿವೆ.’

ಎರಡನೆಯದನ್ನು ನಾನು ಹಾಗೆಯೇ ಎತ್ತಿಕೊಂಡು ಹೋಗಿ ಕ್ಯಾಲಿಬ್ರೇಶನ್ ಸಭೆಯಲ್ಲಿ ಓದಬಹುದು. ಎದುರು ಪ್ರಶ್ನೆ ಬಂದರೆ ಉತ್ತರ ಅದರಲ್ಲೇ ಇದೆ. ಬೇರೆಯವರ ಪಾಲನ್ನು ಸ್ಪಷ್ಟವಾಗಿ ಬಿಟ್ಟುಕೊಟ್ಟಿರುವುದರಿಂದ ಬಿಲ್ಲಿಂಗ್ ತಂಡದ ಮ್ಯಾನೇಜರ್ ಕೂಡ ಹೌದೆಂದು ತಲೆಯಾಡಿಸುತ್ತಾರೆ. ಎಲ್ಲವನ್ನೂ ‘ನಾನು’ ಎಂದು ಬರೆದಿದ್ದರೆ ಅಲ್ಲೇ ತಕರಾರು ಎದ್ದು, ಉಳಿದ ಬರಹದ ಮೇಲಿನ ನಂಬಿಕೆಯೂ ಹೋಗುತ್ತಿತ್ತು. ಎಲ್ಲವನ್ನೂ ‘ನಾವು’ ಎಂದಿದ್ದರೆ ನಿಮ್ಮ ಪಾಲು ಯಾವುದೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಇಂಥ ಮೂರು, ಹೆಚ್ಚೆಂದರೆ ನಾಲ್ಕು ಕೆಲಸಗಳನ್ನು ಆರಿಸಿ. ಅತಿ ಮುಖ್ಯವಾದದ್ದು ಮೊದಲ ಪ್ಯಾರಾದಲ್ಲಿರಲಿ, ಏಕೆಂದರೆ ಮ್ಯಾನೇಜರ್ ಒಂದೇ ಸಂಜೆ ಹತ್ತಾರು ಬರಹ ಓದುತ್ತಿರುತ್ತಾರೆ. ಅಂಕಿಗಳಿಲ್ಲದ ಕೆಲಸವಾದರೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಸರಳವಾಗಿ ಬರೆಯಿರಿ. ಆಗದೇ ಉಳಿದ ಗುರಿಯನ್ನು ಬಚ್ಚಿಡಬೇಡಿ: ಏನಾಯಿತು, ಏಕಾಯಿತು, ಮುಂದೇನು ಎಂದು ಎರಡು ಸಾಲು ಸಾಕು. ನೀವೇ ಹೇಳಿದರೆ ಅದು ಪ್ರಾಮಾಣಿಕತೆ. ಸಭೆಯಲ್ಲಿ ಬೇರೆಯವರು ಎತ್ತಿದರೆ ನಿಮ್ಮ ಪರ ಮಾತನಾಡುತ್ತಿರುವವರು ತಬ್ಬಿಬ್ಬಾಗುತ್ತಾರೆ. ತಮಗೆ ತಾವೇ ಕಡಿಮೆ ರೇಟಿಂಗ್ ಕೊಟ್ಟುಕೊಳ್ಳುವ ಸಂಕೋಚದ ಸ್ವಭಾವದವರಿಗೆ ನನ್ನ ಕಳಕಳಿಯ ವಿನಂತಿ: ಹಾಗೆ ಮಾಡಬೇಡಿ. ವಿನಯ ಎಂದು ನೀವು ಹಾಕಿದ ಅಂಕಿಯನ್ನು ಸಭೆಯಲ್ಲಿ ಒಪ್ಪಿಗೆ ಎಂದು ಓದುತ್ತಾರೆ.

ತಡರಾತ್ರಿಯವರೆಗೆ ಕಚೇರಿಯಲ್ಲಿದ್ದೆ, ರಜೆ ಹಾಕಲಿಲ್ಲ ಎಂಬ ಮಾತುಗಳು ಬೇಡ. ಅದರಿಂದ ಏನು ಸಾಧ್ಯವಾಯಿತು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಹಂತ 8: ನೀವಿಲ್ಲದ ಕೋಣೆಯಲ್ಲಿ ಏನಾಗುತ್ತದೆ

ಐದಾರು ಮ್ಯಾನೇಜರ್‌ಗಳು, ಒಬ್ಬ ಎಚ್‌ಆರ್ ಪ್ರತಿನಿಧಿ, ಪರದೆಯ ಮೇಲೆ ಹೆಸರುಗಳ ಪಟ್ಟಿ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಮಧ್ಯದ ರೇಟಿಂಗ್ ಇರುವವರ ಬಗ್ಗೆ ಚರ್ಚೆಯೇ ಆಗದಿರಬಹುದು. ಮೇಲಿನ ರೇಟಿಂಗ್ ಕೇಳಿದಾಗ ಪ್ರಶ್ನೆ ಏಳುತ್ತದೆ.

‘ಇವರಿಗೆ ಅತ್ಯುತ್ತಮ ಯಾಕೆ? ಅವರ ಹುದ್ದೆಗೆ ಅದು ಮಾಡಲೇಬೇಕಾದ ಕೆಲಸವಲ್ಲವೇ?’

‘ದೂರು ಬಗೆಹರಿಸುವುದು ಅವರ ಕೆಲಸ. ದೂರಿನ ಮೂಲ ಹುಡುಕಿ ಇನ್ನೊಂದು ತಂಡವನ್ನು ಒಪ್ಪಿಸಿ ಬದಲಿಸಿದ್ದು ಅವರ ಹುದ್ದೆಯಲ್ಲಿ ಬರೆದಿಲ್ಲ.’

‘ನಮ್ಮ ತಂಡದಲ್ಲೂ ಅಷ್ಟೇ ಮಾಡಿದವರಿದ್ದಾರೆ.’

ಆಗ ಮತ್ತೊಬ್ಬ ಮ್ಯಾನೇಜರ್ ‘ನಾನೂ ಅವರೊಂದಿಗೆ ಕೆಲಸ ಮಾಡಿದ್ದೇನೆ, ಹೇಳಿದ್ದು ನಿಜ’ ಎಂದರೆ ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಯಾರೂ ಮಾತನಾಡದಿದ್ದರೆ ರೇಟಿಂಗ್ ಒಂದು ಮೆಟ್ಟಿಲು ಇಳಿಯುತ್ತದೆ. ಐದನೆಯ ಹಂತದಲ್ಲಿ ಸಾಕ್ಷಿಗಳ ಬಗ್ಗೆ ಅಷ್ಟು ಹೇಳಿದ್ದು ಈ ಒಂದು ಕ್ಷಣಕ್ಕಾಗಿ.

ಪ್ರತಿ ರೇಟಿಂಗ್‌ನಲ್ಲೂ ಇಷ್ಟೇ ಜನ ಇರಬೇಕೆಂಬ ಕಟ್ಟುಪಾಡು ಕೆಲವು ಕಡೆ ಇರುತ್ತದೆ. ಜನರಲ್ ಎಲೆಕ್ಟ್ರಿಕ್ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಕಾಲದಲ್ಲಿ ಮೇಲಿನ ಶೇ. 20, ನಡುವಿನ ಶೇ. 70, ಕೆಳಗಿನ ಶೇ. 10 ಎಂಬ ವಿಂಗಡಣೆ ಜಗತ್ಪ್ರಸಿದ್ಧವಾಯಿತು. ಮೈಕ್ರೋಸಾಫ್ಟ್ ಇಂಥ ಕಡ್ಡಾಯ ಶ್ರೇಣೀಕರಣವನ್ನು 2013ರಲ್ಲಿ ಕೈಬಿಟ್ಟಿತು. ಅಡೋಬಿ 2012ರಲ್ಲಿ ವಾರ್ಷಿಕ ಅಪ್ರೈಸಲ್ ಅನ್ನೇ ನಿಲ್ಲಿಸಿ ವರ್ಷವಿಡೀ ನಡೆಯುವ ಮಾತುಕತೆಗೆ ಹೊರಳಿತು. ಚೆನ್ನಾಗಿ ಕೆಲಸ ಮಾಡುವ ಹತ್ತು ಜನರಲ್ಲಿ ಒಬ್ಬರನ್ನು ಕಡ್ಡಾಯವಾಗಿ ಕೆಳಗಿಡುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸಹಕರಿಸಬೇಕಾದವರನ್ನು ಪರಸ್ಪರ ಎದುರಾಳಿಗಳನ್ನಾಗಿ ಮಾಡುತ್ತದೆ. ನಿಮ್ಮಲ್ಲಿ ಅಂಥ ಪದ್ಧತಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ, ನಿಮ್ಮ ಕೆಲಸ ಚೆನ್ನಾಗಿತ್ತು ಎಂದಷ್ಟೇ ತೋರಿಸಿದರೆ ಸಾಲದು, ಅದೇ ಹುದ್ದೆಯ ಬೇರೆಯವರ ಕೆಲಸಕ್ಕಿಂತ ಅದು ಎಲ್ಲಿ ಭಿನ್ನ ಎಂಬುದೂ ಬರಹದಲ್ಲಿ ಕಾಣಬೇಕು.

ಹಂತ 9: ಏರಿಕೆಯನ್ನು ಬಾಯಿಬಿಟ್ಟು ಕೇಳಿ

ಒಳ್ಳೆಯ ಕೆಲಸ ತಾನಾಗಿಯೇ ಮಾತನಾಡುತ್ತದೆ ಎಂದು ಕಾಯಬೇಡಿ. ಕೇಳದವರ ಹೆಸರು ಹಂಚಿಕೆಯ ಹೊತ್ತಿಗೆ ತಾನಾಗಿ ಮುಂದೆ ಬರುವುದಿಲ್ಲ. ಇದಕ್ಕೆಂದೇ ಸಮಯ ಕೇಳಿಕೊಳ್ಳಿ, ಬೇರೆ ಸಭೆಯ ಬಾಲದಲ್ಲಿ ಪ್ರಸ್ತಾಪಿಸಬೇಡಿ. ಮಾತು ಹೀಗಿರಬಹುದು:

‘ಮೇಡಂ, ಮುಂದಿನ ಏರಿಕೆಯ ಬಗ್ಗೆ ಮೊದಲೇ ಮಾತನಾಡಬೇಕೆಂದಿದ್ದೆ. ಈ ವರ್ಷ ಈ ಮೂರು ಕೆಲಸಗಳಿಂದ ಇಂಥ ಬದಲಾವಣೆ ಆಗಿದೆ. ನನ್ನ ಹುದ್ದೆಯ ಮಾರುಕಟ್ಟೆ ದರ ನೋಡಿದರೆ ನಾನು ಹಿಂದಿದ್ದೇನೆ. ಶೇ. 12ರಷ್ಟು ಏರಿಕೆ ನ್ಯಾಯವೆಂದು ನನಗನಿಸುತ್ತದೆ. ಅದಕ್ಕೆ ನಿಮ್ಮಿಂದ ಆಗುವ ಪ್ರಯತ್ನ ಏನು, ನನ್ನಿಂದ ಇನ್ನೇನು ಬೇಕು?’

ಅಂಕಿ ಹೇಳುವುದು ಮುಖ್ಯ. ‘ಸ್ವಲ್ಪ ಹೆಚ್ಚು ಮಾಡಿ’ ಎಂದರೆ ಶೇ. 1 ಹೆಚ್ಚು ಮಾಡಿದರೂ ಕೇಳಿದ್ದು ಕೊಟ್ಟಂತಾಗುತ್ತದೆ. ಅಂಕಿಗೆ ಆಧಾರವಾಗಿ ಒಂದೇ ಮೂಲವನ್ನು ನಂಬಬೇಡಿ. ಅದೇ ಹುದ್ದೆ, ಅದೇ ಅನುಭವ, ಅದೇ ಊರಿನ ಎರಡು ಮೂರು ಕಡೆಯ ಮಾಹಿತಿ ಹೋಲಿಸಿ.

ಹೇಳಬಾರದ ಮಾತುಗಳೂ ಇವೆ. ಮನೆ ಸಾಲ, ಮಕ್ಕಳ ಶುಲ್ಕ, ಏರಿದ ಬಾಡಿಗೆ ಎಲ್ಲವೂ ನಿಜ, ಕೇಳಿದ ಮ್ಯಾನೇಜರ್‌ಗೆ ಮರುಕವೂ ಆಗುತ್ತದೆ. ಆದರೆ ಸಭೆಯಲ್ಲಿ ಅದನ್ನು ಹೇಳಲು ಬರುವುದಿಲ್ಲ. ಪಕ್ಕದವರ ಸಂಬಳವನ್ನು ಎತ್ತಿದರೆ ಮಾತು ನಿಮ್ಮ ಕೆಲಸ ಬಿಟ್ಟು ಅವರ ಕಡೆ ತಿರುಗುತ್ತದೆ. ಇದಕ್ಕೊಂದು ಅಪವಾದ: ಲಿಂಗ ಅಥವಾ ಬೇರಾವುದೋ ಕಾರಣಕ್ಕೆ ಸಮಾನ ಕೆಲಸಕ್ಕೆ ಅಸಮಾನ ಸಂಬಳ ಸಿಗುತ್ತಿದೆ ಎಂಬ ಗಂಭೀರ ಅನುಮಾನವಿದ್ದರೆ ಅದನ್ನು ಎಚ್‌ಆರ್ ಮುಂದೆ ಬರಹದಲ್ಲಿ ಇಡಲೇಬೇಕು. ಇನ್ನು, ಬೇರೆ ಕಡೆ ಆಫರ್ ಇದೆ ಎಂದು ಹೆದರಿಸುವುದು. ನಿಜವಾಗಿ ಹೋಗಲು ಮನಸ್ಸಿಲ್ಲದಿದ್ದರೆ ಆ ಮಾತು ತೆಗೆಯಬೇಡಿ. ‘ಹೋಗಿ ಬನ್ನಿ’ ಎಂದರೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ. ಉಳಿಸಿಕೊಂಡರೂ ಹೋಗಲಿರುವವರು ಎಂಬ ಹಣೆಪಟ್ಟಿ ಉಳಿದುಬಿಡುತ್ತದೆ.

ಬಡ್ತಿ ಕೇಳುವಾಗ ವಾದದ ದಿಕ್ಕು ಬೇರೆ. ಏರಿಕೆ ಕಳೆದ ವರ್ಷದ ಕೆಲಸಕ್ಕೆ, ಬಡ್ತಿ ಮುಂದಿನ ಹುದ್ದೆಯ ಅರ್ಹತೆಗೆ. ಮುಂದಿನ ಹುದ್ದೆಯ ಕೆಲಸದಲ್ಲಿ ಯಾವುದನ್ನು ಈಗಾಗಲೇ ಮಾಡುತ್ತಿದ್ದೀರಿ ಎಂದು ತೋರಿಸಿ. ಈಗಿನ ಹುದ್ದೆಯಲ್ಲಿ ಎಷ್ಟು ಚೆನ್ನಾಗಿದ್ದೀರಿ ಎಂಬುದೊಂದೇ ಅಲ್ಲಿ ಸಾಲದು.

ಹಂತ 10: ಅಪ್ರೈಸಲ್ ಮಾತುಕತೆಯ ದಿನ

ರೇಟಿಂಗ್ ನಿರೀಕ್ಷೆಗಿಂತ ಕಡಿಮೆಯಾಗಿದ್ದರೆ ಆ ಕ್ಷಣದಲ್ಲಿ ವಾದಿಸಬೇಡಿ. ‘ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದೆರಡು ದಿನ ಬೇಕು, ಮತ್ತೆ ಮಾತನಾಡಬಹುದೇ?’ ಎಂದು ಕೇಳಿ. ಇಲ್ಲ ಎನ್ನುವ ಮ್ಯಾನೇಜರ್ ಅಪರೂಪ. ಎರಡನೆಯ ಭೇಟಿಗೆ ಬರುವಾಗ ವರ್ಷದ ಆರಂಭದ ಗುರಿಗಳ ಇಮೇಲ್, ದಿನಚರಿ, ರೇಟಿಂಗ್ ಮೂರನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಹೊಂದುತ್ತಿಲ್ಲ ಎಂದು ಕೇಳಿ. ಮೇಲ್ಮನವಿಗೆ ಅವಕಾಶವಿದ್ದರೆ ಗಡುವು ತಿಳಿದುಕೊಳ್ಳಿ. ಫಾರಂ ಮೇಲೆ ಸಹಿ ಕೇಳಿದರೆ, ಅದು ಓದಿದ್ದಕ್ಕೋ ಒಪ್ಪಿದ್ದಕ್ಕೋ ಎಂದು ಸ್ಪಷ್ಟಪಡಿಸಿಕೊಂಡು, ಭಿನ್ನಾಭಿಪ್ರಾಯವನ್ನು ಅಭಿಪ್ರಾಯದ ಜಾಗದಲ್ಲಿ ಸೌಜನ್ಯದಿಂದ ಬರೆಯಿರಿ.

ಹಂತ 11: ‘ಈ ಸಲ ಆಗುವುದಿಲ್ಲ’ ಎಂದರೆ

ಆಗುವುದಿಲ್ಲ ಎಂಬುದಕ್ಕೆ ಮೂರು ಬೇರೆ ಕಾರಣಗಳಿರಬಹುದು, ಯಾವುದೆಂದು ತಿಳಿಯದೆ ಮುಂದಿನ ಹೆಜ್ಜೆ ಇಡಬೇಡಿ. ಹಣವಿಲ್ಲದಿದ್ದರೆ, ಮತ್ತೆ ಯಾವಾಗ ನೋಡಬಹುದು ಎಂದು ದಿನಾಂಕ ಕೇಳಿ. ಅಲ್ಲಿಯವರೆಗೆ ತರಬೇತಿ, ಹೊಸ ಜವಾಬ್ದಾರಿ, ಹುದ್ದೆಯ ಹೆಸರು, ರಜೆ, ಕೆಲಸದ ವೇಳೆಯ ಅನುಕೂಲ ಇವುಗಳಲ್ಲಿ ನಿಮಗೆ ನಿಜಕ್ಕೂ ಬೇಕಾದದ್ದನ್ನು ಕೇಳಬಹುದು. ಇವನ್ನು ಕೊಡುವುದು ಮ್ಯಾನೇಜರ್‌ಗೆ ಸುಲಭ. ಕೆಲಸ ಸಾಲದು ಎಂದಿದ್ದರೆ, ಏನು ಮಾಡಿದರೆ ಸಾಕು ಎಂಬುದನ್ನು ಅಳೆಯುವಂಥ ಮಾತಿನಲ್ಲಿ ಬರೆಸಿಕೊಂಡು ಮೂರು ತಿಂಗಳಿಗೊಮ್ಮೆ ತೋರಿಸಿ. ಈ ಹುದ್ದೆಯಲ್ಲಿ ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಎಂದಿದ್ದರೆ, ಒಳಗಡೆಯೇ ಬೇರೆ ಹುದ್ದೆ ನೋಡಿ.

ಒಪ್ಪಿಕೊಂಡ ದಿನಾಂಕ ಬಂದು ಹೋಗಿ, ಒಪ್ಪಿಕೊಂಡ ಕೆಲಸ ಮುಗಿದು, ಕಾರಣ ಮಾತ್ರ ಪ್ರತಿ ಸಲ ಹೊಸದಾಗುತ್ತಿದ್ದರೆ ಬೇರೆ ಕಡೆ ನೋಡಿ. ಮ್ಯಾನೇಜರ್ ಆಗಿಯೂ ಇದನ್ನು ನಾನು ಹೇಳುತ್ತೇನೆ. ಹೋಗುತ್ತೇನೆಂದಾಗ ನಿಮ್ಮನ್ನು ಉಳಿಸಿಕೊಳ್ಳಲು ಈಗಿನ ಸಂಸ್ಥೆಯಿಂದಲೇ ತಟ್ಟನೆ ಹೆಚ್ಚಿನ ಹಣದ ಆಫರ್ ಬಂದರೆ ಹಣಕ್ಕಿಂತ ಮೊದಲು ಯೋಚಿಸಬೇಕಾದದ್ದು, ಹೊರಡಲು ಕಾರಣವಾದದ್ದರಲ್ಲಿ ಹಣ ಬಿಟ್ಟು ಇನ್ನೇನಿತ್ತು, ಅದು ಬದಲಾಗುತ್ತದೆಯೇ ಎಂಬುದನ್ನು.

ಹಂತ 12: ಏರಿಕೆಯ ಪತ್ರ ಬಂದಾಗ

ಶೇಕಡಾ ನೋಡಿ ಸಂಭ್ರಮಿಸುವ ಮೊದಲು ಪೂರ್ತಿ ಓದಿ. ಏರಿಕೆ ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ, ಹಿಂದಿನ ತಿಂಗಳುಗಳ ಬಾಕಿ ಸೇರಿದೆಯೇ, ಹೆಚ್ಚಿದ ಹಣದಲ್ಲಿ ಪ್ರತಿ ತಿಂಗಳು ಖಚಿತವಾಗಿ ಬರುವುದೆಷ್ಟು, ಗುರಿ ಮುಟ್ಟಿದರೆ ಮಾತ್ರ ಬರುವುದೆಷ್ಟು, ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ ಹುದ್ದೆಯ ಹೆಸರು ಪತ್ರದಲ್ಲೂ ಅದೇ ಇದೆಯೇ ಎಂದು ನೋಡಿ. ವ್ಯತ್ಯಾಸ ಕಂಡರೆ ಅದೇ ವಾರ ಕೇಳಿ. ಮೊದಲ ಸಂಬಳದ ಚೀಟಿ ಬಂದಾಗ ಪತ್ರದೊಂದಿಗೆ ಹೋಲಿಸಿ, ಎರಡನ್ನೂ ನಿಮ್ಮ ಸ್ವಂತ ಕಡತದಲ್ಲಿ ಇಟ್ಟುಕೊಳ್ಳಿ. ಏರಿಕೆ ಸಿಗಲು ನಿಮ್ಮ ಪರ ಸಾಕ್ಷಿ ಹೇಳಿದ ಬೇರೆ ತಂಡದವರಿಗೆ ಒಂದು ಸಾಲು ಧನ್ಯವಾದ ಬರೆಯಿರಿ. ಹೊಸ ವರ್ಷದ ಗುರಿಗಳ ಪುಟ ತೆರೆಯುವುದು ಸಾಮಾನ್ಯವಾಗಿ ಅದೇ ತಿಂಗಳಲ್ಲಿ, ಮ್ಯಾನೇಜರ್ ಜೊತೆ ಅದಕ್ಕೂ ಸಮಯ ಗೊತ್ತುಮಾಡಿಕೊಳ್ಳಿ.